ಸಿಟ್ಟು: ಒಂದು

"ಮಂಗಳವಾರ ಸಿಟ್ಟು ಒಂದು ಅಂತ ಬರ್ದಿದೀಯಲ್ಲಮ್ಮ, ಬೆಳಗ್ಗೆ ಶೂ ವಿಷ್ಯಕ್ಕೇ ನಂಗೆ ಎರಡು ಸಲ ಬೈದೆ" ಅಂತ ಮಗಳು ನನ್ನ ನೋಟ್‌ಬುಕ್ ಹಿಡ್ಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತಿದ್ಲು. ನಾನು ಚಪಾತಿ ಲಟ್ಟಿಸ್ತಿದ್ದೆ. ಕೈಯೆಲ್ಲಾ ಹಿಟ್ಟು, ಕಿತ್ಕೊಳ್ಳೋಕೂ ಆಗಲ್ಲ. "ಬೇರೆಯವ್ರ ಬುಕ್ ಯಾಕೆ ಮುಟ್ತೀಯಾ" ಅಂತ ಜೋರಾಗೇ ಕೂಗಿದೆ. ಅವಳು ಏನೂ ಆಗ್ದೇ ಇರೋ ಥರ "ಇದೂ ಸೇರ್ಸ್ಕೋ" ಅಂದ್ಲು. ಹತ್ತು ವರ್ಷ ಅವಳಿಗೆ.

ಈ ನೋಟ್‌ಬುಕ್ ಕಥೆ ಸ್ವಲ್ಪ ಹೇಳ್ಬೇಕು. ತಿಪಟೂರಲ್ಲಿ ನಮ್ಮಜ್ಜಿ ದಿನಾ ಬೆಳಗ್ಗೆ ಇಷ್ಟಲಿಂಗ ಪೂಜೆ ಮುಗ್ಸಿ, ಹಣೆ ವಿಭೂತಿ ಹಾಗೇ ಇರುವಾಗ ಗೋಡೆಗೊರಗಿ ಕೂತು ಉದ್ದನೆ ರೂಲ್ ಬುಕ್ಕಲ್ಲಿ ಓಂ ನಮಃ ಶಿವಾಯ ಬರೀತಾರೆ, ಒಂದು ಪುಟ ಆದ್ರೆ ಒಂದು, ನಾಲ್ಕು ಆದ್ರೆ ನಾಲ್ಕು. ಹೋದ ವರ್ಷ ಆಫೀಸ್ ಟೆನ್ಶನ್‌ನಲ್ಲಿ ರಾತ್ರಿ ನಿದ್ದೆ ಬರ್ದೇ ಒದ್ದಾಡ್ತಿದ್ದಾಗ ನಾನೂ ಶುರು ಮಾಡ್ದೆ. ಹನ್ನೊಂದನೇ ಪುಟಕ್ಕೆ ತಲೆ ಗ್ಯಾಸ್ ಬುಕಿಂಗ್ ಕಡೆ ಹೋಗಿತ್ತು, ತಿರುಗಿ ನೋಡಿದ್ರೆ ಮೂರು ಸಾಲು "ಶಿಯವಾ" ಅಂತಿದೆ. ನನಗೆ ಇದು ಆಗೋ ಕೆಲಸ ಅಲ್ಲ ಅನ್ನಿಸ್ತು.

ರಿಷಿಕೇಶಕ್ಕೆ ಹೋಗಿ ಬಂದಿದ್ದ ನಮ್ಮ ದೊಡ್ಡಪ್ಪ ಒಬ್ರು ಸ್ವಾಮಿ ಶಿವಾನಂದರ ಡೈರಿ ವಿಷ್ಯ ಹೇಳಿದ್ರು. ಸನ್ಯಾಸಕ್ಕೆ ಮುಂಚೆ ಶಿವಾನಂದರು ಮಲಯಾದಲ್ಲಿ, ಅಂದ್ರೆ ಈಗಿನ ಮಲೇಷ್ಯಾ ಕಡೆ, ಡಾಕ್ಟರ್ ಆಗಿದ್ರು, ಆಮೇಲೆ 1936ರಲ್ಲಿ ರಿಷಿಕೇಶದಲ್ಲಿ ದಿವ್ಯ ಜೀವನ ಸಂಘ ಅನ್ನೋ ಆಧ್ಯಾತ್ಮಿಕ ಸಂಸ್ಥೆ ಕಟ್ಟಿದ್ರು. ಸಾಧಕರಿಗೆ ಅವ್ರು ಕೊಡ್ತಿದ್ದಿದ್ದು ಥೇಟ್ ಡಾಕ್ಟರ್ ಚಾರ್ಟ್ ಥರದ್ದೇ: ಎಷ್ಟೊತ್ತಿಗೆ ಎದ್ದೆ, ಎಷ್ಟು ಮಾಲೆ ಜಪ ಮಾಡ್ದೆ, ಎಷ್ಟು ಸುಳ್ಳು ಹೇಳ್ದೆ, ಎಷ್ಟು ಸಲ ಸಿಟ್ಟು ಬಂತು, ಅದಕ್ಕೆ ನಿನಗೆ ನೀನೇ ಏನು ಶಿಕ್ಷೆ ಕೊಟ್ಕೊಂಡೆ. ಶಿಕ್ಷೆ ಭಾಗ ಬಿಟ್ಟು ಐಡಿಯಾ ಹಿಡಿಸ್ತು. ಅದನ್ನ ನಮ್ಮನೆ ಭಾಷೆಗೆ ಹೊಂದಿಸ್ಕೊಂಡೆ. ಸ್ಕೂಲಲ್ಲಿ ಬಾಯಿಪಾಠ ಮಾಡಿದ ಬಸವಣ್ಣನವರ ವಚನ ಇದ್ಯಲ್ಲ, ಕಳಬೇಡ ಕೊಲಬೇಡ, ಅದ್ರಲ್ಲಿ ಏಳು ಬೇಡಗಳಿವೆ, ಏಳಕ್ಕೂ ಸ್ಕೇಲ್ ಇಟ್ಟು ಒಂದೊಂದು ಕಾಲಂ ಹಾಕ್ದೆ. ಕಳವು, ಕೊಲೆ, ಹುಸಿ, ಮುನಿಸು, ಅಸಹ್ಯ, ತನ್ನ ಬಣ್ಣಿಸೋದು, ಇದಿರ ಹಳಿಯೋದು. ರಾತ್ರಿ ದೇವರ ಮುಂದೆ ದೀಪ ಇನ್ನೂ ಉರೀತಿರುವಾಗ ಕೂತು ಅಂಕಿ ತುಂಬೋದು, ಕೆಳಗೆ ಎರಡು ಸಾಲು ಬರೆಯೋದು. ನಿಜ ಹೇಳ್ಬೇಕಂದ್ರೆ ನಿದ್ದೆ ಬರೋಕೆ ಶುರುವಾಯ್ತು, ಎರಡು ತಿಂಗಳು ತಪ್ಪದೇ ಬರ್ದೆ.

ಈಗ ಮಗಳ ವಿಷ್ಯಕ್ಕೆ. ಊಟ ಆದ್ಮೇಲೆ ಅವಳನ್ನ ಪಕ್ಕದಲ್ಲಿ ಕೂರಿಸ್ಕೊಂಡೆ, ಸಿಟ್ಟಿಳಿದಿತ್ತು, ಜೊತೆಗೆ ಸ್ವಲ್ಪ ಕುತೂಹಲ ಕೂಡ ಇತ್ತು. ಅವಳಿಗೆ ಒಂದೊಂದೇ ನೆನಪಾಗ್ತಾ ಹೋಯ್ತು. "ಹುಸಿ ಅಂದ್ರೆ ಸುಳ್ಳಲ್ವಾ? ಅತ್ತೆ ಫೋನ್ ಮಾಡ್ದಾಗ ಟ್ರಾಫಿಕ್ಕಲ್ಲಿದೀನಿ ಅಂದೆ, ಸೋಫಾ ಮೇಲಿದ್ದೆ." ಬುಧವಾರದ ಹುಸಿ ಕಾಲಂ ನೋಡಿದೆ, ಸೊನ್ನೆ. "ಕೆಲಸದ ಆಂಟಿ ಬಂದಿಲ್ಲ ಅಂತ ಅಪ್ಪನ ಹತ್ರ ಬೈಕೊಂಡ್ಯಲ್ಲ, ಅದು ಯಾವ ಕಾಲಂ?" ಅದಕ್ಕೂ ಸೊನ್ನೆ. ಮತ್ತೆ ಕೊಲೆ ಕಾಲಂ ಹತ್ರ ಬೆರಳಿಟ್ಟು ಜಿರಲೆಗೆ ಸ್ಪ್ರೇ ಹೊಡೆದಿದ್ದು ಲೆಕ್ಕಕ್ಕೆ ಬರುತ್ತಾ ಅಂತ ಕೇಳಿದ್ಲು, ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ.

ನಾನು ಬೇಕಂತ ಮುಚ್ಚಿಟ್ಟಿದ್ದಲ್ಲ, ಆಣೆ ಮಾಡಿ ಹೇಳ್ತೀನಿ. ಬರೆಯೋವಾಗ ಅವು ನೆನಪಿಗೇ ಬಂದಿರಲಿಲ್ಲ. ನೆನಪಿಗೆ ಬಂದಿದ್ದೆಲ್ಲ ನೀಟಾದ ತಪ್ಪುಗಳು, ಬರೆದ್ರೆ ಚೆನ್ನಾಗಿ ಕಾಣೋವು, "ಇವತ್ತು ಮೀಟಿಂಗಲ್ಲಿ ತಾಳ್ಮೆ ಕಳ್ಕೊಂಡೆ, ಶಿವಾ ಕ್ಷಮಿಸು" ಅನ್ನೋ ಥರದವು. ಕ್ಷಮೆ ಕೇಳೋ ಸಾಲಲ್ಲೂ ಅಕ್ಷರ ದುಂಡಗಿದೆ ನೋಡಿ!

ಮಗಳು ಮಲಗಿದ ಮೇಲೆ ಒಬ್ಳೇ ಕೂತು ಹಿಂದಿನ ಪುಟ ತಿರುವ್ತಾ ಹೋದೆ. ತನ್ನ ಬಣ್ಣಿಸೋದು ಅನ್ನೋ ಕಾಲಂ ಎರಡು ತಿಂಗಳೂ ಸೊನ್ನೆ, ಒಂದರ ಕೆಳಗೊಂದು, ಮಣಿ ಪೋಣಿಸಿದ ಹಾಗೆ. ಅದೇ ಎರಡನೇ ವಾರದಲ್ಲಿ ಇದೇ ನೋಟ್‌ಬುಕ್ಕು, ಪಕ್ಕದಲ್ಲಿ ದೀಪ, ಮೇಲೊಂದು ಪೆನ್ನು ಓರೆಯಾಗಿಟ್ಟು ಫೋಟೋ ತೆಗ್ದು ವಾಟ್ಸಾಪ್ ಸ್ಟೇಟಸ್ ಹಾಕಿದ್ದೆ. 38 ಜನ ನೋಡಿದ್ರು, ಯಾರ್ಯಾರು ಹಾರ್ಟ್ ಕಳ್ಸಿದ್ರು ಅಂತ ಎರಡೆರಡು ಸಲ ತೆಗ್ದು ನೋಡಿದ್ದೆ. ಆ ದಿನಾನೂ ಸೊನ್ನೆ.

ಎನ್ನ ಚಿತ್ತವು ಅತ್ತಿಯ ಹಣ್ಣು ನೋಡಯ್ಯಾ ಅಂತಾನೂ ಅದೇ ಬಸವಣ್ಣನವ್ರು ಹೇಳಿದಾರೆ. ಅಜ್ಜಿ ಮನೆ ಹಿತ್ತಲಲ್ಲಿ ಅತ್ತಿ ಮರ ಇತ್ತು, ಹೊರಗಿಂದ ಕೆಂಪಗೆ ಎಷ್ಟು ಚೆಂದ, ಬಿಡಿಸಿದ್ರೆ ಒಳಗೆ ಬರೀ ಹುಳ. ಚಿಕ್ಕವರಿದ್ದಾಗ ಬಿಡ್ಸಿ ಬಿಡ್ಸಿ ಎಸೀತಿದ್ವಿ. ಆ ವಚನ ಎಷ್ಟೋ ಸಲ ಓದಿದೀನಿ, ಹಣ್ಣು ಕಣ್ಣಿಗೆ ಕಂಡಿದ್ದು ಅವತ್ತೇ.

ಮಾರನೇ ದಿನ ಅಜ್ಜಿಗೆ ಫೋನ್ ಮಾಡಿ ಎಲ್ಲಾ ಹೇಳ್ದೆ. ಅವ್ರು ನಕ್ಕು ನಕ್ಕು ಕೆಮ್ಮು ಬರಿಸ್ಕೊಂಡ್ರು. "ನಾನೇನು ದೊಡ್ಡ ಶರಣೆ ಅಂದ್ಕೊಂಡ್ಯಾ ಮಗ, ನಿನ್ನ ಚಿಕ್ಕಮ್ಮನ ಮೇಲೆ ಸಿಟ್ಟು ಬಂದ ದಿನವೇ ನಾಲ್ಕು ಪುಟ ಬರೆಯೋದು, ಇಲ್ಲಾಂದ್ರೆ ಒಂದೇ" ಅಂದ್ರು. ಅಂದ್ರೆ ಅಜ್ಜಿ ಬುಕ್ಕಲ್ಲೂ ಸಿಟ್ಟಿನ ಲೆಕ್ಕ ಇದೆ, ಕಾಲಂ ಮಾತ್ರ ಹಾಕಿಲ್ಲ.

ನಾನು ನೋಟ್‌ಬುಕ್ ಬಿಟ್ಟಿಲ್ಲ. ಸ್ಟೇಟಸ್ ಹಾಕೋದು ಬಿಟ್ಟೆ. ರಾತ್ರಿ ನಾನು ನೀಲಿ ಪೆನ್ನಲ್ಲಿ ಅಂಕಿ ಬರೆದಿಡ್ತೀನಿ, ಬೆಳಗ್ಗೆ ಸ್ಕೂಲಿಗೆ ಹೋಗೋ ಮುಂಚೆ ಮಗಳು ಮುನಿಸಿನ ಕಾಲಂ ಒಂದನ್ನ ಮಾತ್ರ ನೋಡ್ಬಹುದು ಅಂತ ಒಪ್ಪಂದ ಆಗಿದೆ. ಮೊನ್ನೆ ಗುರುವಾರ ನಾನು 2 ಅಂತ ಬರ್ದಿದ್ದೆ, ಪಕ್ಕದಲ್ಲಿ ಪೆನ್ಸಿಲ್ಲಲ್ಲಿ 3 ಅಂತಿತ್ತು. ಆ ಮೂರನೇದು ಯಾವುದು ಅಂತ ಎಷ್ಟು ಕೇಳಿದ್ರೂ ಹೇಳ್ತಿಲ್ಲ, ನೀನೇ ನೆನಪು ಮಾಡ್ಕೋ ಅಂತಾಳೆ.