ವಿದೇಶಿ ಫಂಡೋ ಸ್ಮಾಲ್ ಕ್ಯಾಪೋ: ಮೊದಲು ಸಂಬಳ ಎಲ್ಲಿಂದ ಬರುತ್ತದೆ ನೋಡಿ

ತಿಂಗಳಿಗೆ ಹತ್ತು ಸಾವಿರ ಉಳಿಯುತ್ತದೆ, ಅದನ್ನು ವಿದೇಶಿ ಷೇರು ಫಂಡಿಗೆ ಹಾಕಬೇಕೋ ಸ್ಮಾಲ್ ಕ್ಯಾಪ್ ಫಂಡಿಗೆ ಹಾಕಬೇಕೋ ಎಂದು ಕೇಳುವವರು ಸಾಮಾನ್ಯವಾಗಿ ಕಳೆದ ಐದು ವರ್ಷದ ರಿಟರ್ನ್ ಪಟ್ಟಿಯನ್ನು ಮುಂದಿಟ್ಟುಕೊಂಡೇ ಕೇಳುತ್ತಾರೆ. ಆ ಪಟ್ಟಿಯಿಂದ ಉತ್ತರ ಸಿಗುವುದಿಲ್ಲ. 2020ರ ಮಾರ್ಚ್‌ನಿಂದ ಲೆಕ್ಕ ಹಾಕಿದರೆ ಸ್ಮಾಲ್ ಕ್ಯಾಪ್ ಚಿನ್ನದಂತೆ ಹೊಳೆಯುತ್ತದೆ. 2018ರ ಜನವರಿಯಿಂದ ಹಾಕಿದರೆ ಮೊದಲ ಮೂರು ವರ್ಷ ಬರೀ ನಷ್ಟ. ಕೇಳಬೇಕಾದ ಪ್ರಶ್ನೆಗಳು ಬೇರೆ: ನಿಮ್ಮ ಮನೆಯ ಆದಾಯ ಯಾರ ವ್ಯವಹಾರದ ಮೇಲೆ ನಿಂತಿದೆ? ಮುಂದಿನ ದೊಡ್ಡ ಖರ್ಚು ರೂಪಾಯಿಯಲ್ಲಿದೆಯೋ ಡಾಲರ್‌ನಲ್ಲಿದೆಯೋ?

ಪುಣೆಯಲ್ಲಿರುವ ನಮ್ಮವರ ಮಟ್ಟಿಗೆ ಈ ಪ್ರಶ್ನೆಗಳು ತೀರಾ ಮುಖ್ಯ. ಹಿಂಜವಡಿ, ಖರಾಡಿಯ ಐಟಿ ಕಂಪನಿಗಳಲ್ಲಿ ಕೆಲಸ ಮಾಡುವವರು, ಭೋಸರಿ, ಚಾಕಣದಲ್ಲಿ ಬಿಡಿಭಾಗ ತಯಾರಿಸುವ ಶೆಡ್ ಇಟ್ಟವರು, ತಲೆಮಾರುಗಳಿಂದ ಉಡುಪಿ ಹೋಟೆಲ್ ನಡೆಸುತ್ತಿರುವವರು. ಈ ಮೂವರಿಗೂ ಒಂದೇ ಫಂಡನ್ನು ಶಿಫಾರಸು ಮಾಡುವುದು ತಪ್ಪು.

ಮೊದಲು ಎರಡರ ಒಳಗೆ ಏನಿದೆ ಎಂದು ತಿಳಿದುಕೊಳ್ಳೋಣ. ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ 2017ರಲ್ಲಿ ಮಾಡಿದ ವಿಂಗಡಣೆಯ ಪ್ರಕಾರ, ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 100 ಕಂಪನಿಗಳು ಲಾರ್ಜ್ ಕ್ಯಾಪ್, 101ರಿಂದ 250 ಮಿಡ್ ಕ್ಯಾಪ್, 251ರಿಂದ ಮುಂದಿನವೆಲ್ಲ ಸ್ಮಾಲ್ ಕ್ಯಾಪ್. ಸ್ಮಾಲ್ ಕ್ಯಾಪ್ ಫಂಡ್ ತನ್ನ ಹಣದಲ್ಲಿ ಕನಿಷ್ಠ ಶೇ. 65ನ್ನು ಈ ಕೊನೆಯ ಗುಂಪಿನಲ್ಲೇ ಇಡಬೇಕು. ಮ್ಯೂಚುವಲ್ ಫಂಡ್ ಕಂಪನಿಗಳ ಸಂಘವಾದ ಆಂಫಿ ಆರು ತಿಂಗಳಿಗೊಮ್ಮೆ ಪಟ್ಟಿಯನ್ನು ಪರಿಷ್ಕರಿಸುತ್ತದೆ. ‘ಸ್ಮಾಲ್’ ಎಂದಾಕ್ಷಣ ಚಾಕಣದ ಪ್ರೆಸ್ ಶಾಪ್ ನೆನಪಿಗೆ ಬರಬೇಕಿಲ್ಲ. 2025ರ ಪಟ್ಟಿಯಲ್ಲಿ 251ನೇ ಕಂಪನಿಯ ಮೌಲ್ಯವೇ ಸುಮಾರು 30 ಸಾವಿರ ಕೋಟಿ ರೂಪಾಯಿ. ವಿದೇಶಿ ಫಂಡ್‌ಗಳಲ್ಲಿ ಬಹುಪಾಲು ‘ಫಂಡ್ ಆಫ್ ಫಂಡ್’. ಇಲ್ಲಿನ ಫಂಡ್ ನಿಮ್ಮ ರೂಪಾಯಿ ತೆಗೆದುಕೊಂಡು ಅದರಲ್ಲಿ ಶೇ. 95ಕ್ಕೆ ಕಡಿಮೆಯಾಗದಂತೆ ಇನ್ನೊಂದು ಫಂಡಿನಲ್ಲೋ ಇಟಿಎಫ್‌ನಲ್ಲೋ (ಷೇರಿನಂತೆ ಮಾರುಕಟ್ಟೆಯಲ್ಲಿ ಕೊಂಡು ಮಾರಬಹುದಾದ ಫಂಡ್) ಹೂಡುತ್ತದೆ. ಎರಡೂ ಕಡೆಯ ಖರ್ಚು ನಿಮ್ಮ ತಲೆಗೇ ಬರುವುದರಿಂದ, ಫ್ಯಾಕ್ಟ್‌ಶೀಟಿನಲ್ಲಿ ಕೆಳಗಿನ ಫಂಡಿನ ಖರ್ಚು ಸೇರಿದೆಯೇ ಇಲ್ಲವೇ ಎಂದು ಓದಿ ನೋಡಿ. ಹೆಸರಿನಲ್ಲಿ ‘ಗ್ಲೋಬಲ್’ ಇದ್ದರೂ ಒಳಗೆ ಹೆಚ್ಚಿನಂಶ ಅಮೆರಿಕದ ಷೇರುಗಳೇ ಇರುವುದುಂಟು. ನ್ಯಾಸ್‌ಡ್ಯಾಕ್ 100 ಸೂಚ್ಯಂಕದಲ್ಲಿ ಬ್ಯಾಂಕು, ವಿಮೆ ಇಲ್ಲವೇ ಇಲ್ಲ. ಆ್ಯಪಲ್, ಮೈಕ್ರೋಸಾಫ್ಟ್, ಎನ್ವಿಡಿಯಾದಂಥ ಕೆಲವೇ ಹೆಸರುಗಳದ್ದು ಅಲ್ಲಿ ದೊಡ್ಡ ಪಾಲು. ಹರಡಿಕೊಂಡ ಹೂಡಿಕೆ ಬೇಕಾದವರಿಗೆ ಅಮೆರಿಕದ ಸುಮಾರು 500 ದೊಡ್ಡ ಕಂಪನಿಗಳ ಸೂಚ್ಯಂಕವಾದ ಎಸ್ ಆ್ಯಂಡ್ ಪಿ 500 ವಾಸಿ.

ಈಗ ಹಿಂಜವಡಿಯ ಎಂಜಿನಿಯರ್ ಮನೆಯನ್ನು ನೋಡಿ. ಸಂಬಳ ಬರುವುದು ಅಮೆರಿಕದ ಗ್ರಾಹಕರು ಸಾಫ್ಟ್‌ವೇರ್‌ಗೆ ಮಾಡುವ ಖರ್ಚಿನಿಂದ. ಬಹುರಾಷ್ಟ್ರೀಯ ಕಂಪನಿಯಾದರೆ ಆರ್‌ಎಸ್‌ಯು (ಸಂಬಳದ ಭಾಗವಾಗಿ ಕಂಪನಿ ಕೊಡುವ ಷೇರು) ರೂಪದಲ್ಲಿ ಅದೇ ಕಂಪನಿಯ ಷೇರು ಬೇರೆ ಖಾತೆಯಲ್ಲಿ ಬಿದ್ದಿರುತ್ತದೆ. ವಾಕಡದಲ್ಲಿ ಒಂದು ಫ್ಲ್ಯಾಟ್ ಬಾಡಿಗೆಗೆ ಕೊಟ್ಟಿದ್ದರೆ ಬಾಡಿಗೆದಾರನೂ ಐಟಿಯವನೇ, ಅವನ ಸಂಬಳದ ಮೂಲವೂ ಅದೇ. ಸಂಬಳ, ಷೇರು, ಬಾಡಿಗೆ ಮೂರೂ ಅಮೆರಿಕದ ತಂತ್ರಜ್ಞಾನ ಉದ್ಯಮಕ್ಕೆ ಜೋತುಬಿದ್ದಿರುವಾಗ, ಇದರ ಮೇಲೆ ನ್ಯಾಸ್‌ಡ್ಯಾಕ್ ಫಂಡಿಗೆ ತಿಂಗಳ ಕಂತು ಕಟ್ಟುವುದು ಅದೇ ಅಪಾಯವನ್ನು ನಾಲ್ಕನೇ ಸಲ ಕೊಂಡಂತೆ. ಇಂಥ ಮನೆಗೆ ದೇಶೀಯ ಬೇಡಿಕೆಯ ಮೇಲೆ ನಡೆಯುವ ಸಣ್ಣ ಕಂಪನಿಗಳ ಫಂಡ್ ನಿಜವಾದ ಹಂಚಿಕೆಯಾಗುತ್ತದೆ. ಆರ್‌ಎಸ್‌ಯು ವೆಸ್ಟ್ ಆದ, ಅಂದರೆ ಷೇರು ನಿಮ್ಮ ಹೆಸರಿಗೆ ಬಂದ ದಿನವೇ ಅದರ ಮೇಲೆ ಸಂಬಳದಂತೆ ತೆರಿಗೆ ಕಡಿತವಾಗಿರುತ್ತದೆ. ಆದ್ದರಿಂದ ಅದನ್ನು ತಕ್ಷಣ ಮಾರಿದರೆ ಹೆಚ್ಚುವರಿ ತೆರಿಗೆ ಇಲ್ಲವೆನ್ನುವಷ್ಟು ಕಡಿಮೆ. ಹಾಗಿದ್ದೂ ಜನ ವರ್ಷಗಟ್ಟಲೆ ಇಟ್ಟುಕೊಂಡು ಕೂರುತ್ತಾರೆ. ಅಷ್ಟೇ ಹಣ ನಗದಾಗಿ ಕೈಗೆ ಬಂದಿದ್ದರೆ ಅದೇ ಕಂಪನಿಯ ಷೇರು ಕೊಳ್ಳುತ್ತಿದ್ದಿರಾ? ಇಲ್ಲ ಎಂದಾದರೆ ಮಾರಿಬಿಡಿ.

ಭೋಸರಿಯ ಶೆಡ್ ಮಾಲೀಕರದ್ದು ಇದಕ್ಕೆ ತದ್ವಿರುದ್ಧ. 2019ರಲ್ಲಿ ವಾಹನ ಮಾರಾಟ ಕುಸಿದಾಗ ಆರ್ಡರ್ ಕಡಿಮೆಯಾಯಿತು, ಬಿಲ್ ಹಣ ತಡವಾಗಿ ಬಂತು. ಸ್ಮಾಲ್ ಕ್ಯಾಪ್ ಸೂಚ್ಯಂಕವೂ ಇಳಿಯುತ್ತಿದ್ದದ್ದು ಅದೇ ಹೊತ್ತಿನಲ್ಲಿ. ಕೂಲಿ ಕೊಡಲು ಹಣ ಬೇಕಾದ ತಿಂಗಳಲ್ಲೇ ಫಂಡ್ ಅತಿ ಕಡಿಮೆ ಬೆಲೆಯಲ್ಲಿದ್ದರೆ ಅದನ್ನು ಉಳಿತಾಯ ಎನ್ನಲಾಗದು. ಇವರಿಗೆ ಎಸ್ ಆ್ಯಂಡ್ ಪಿ 500ರಂಥ ವಿದೇಶಿ ಸೂಚ್ಯಂಕ ಫಂಡ್ ಹೆಚ್ಚು ಹೊಂದುತ್ತದೆ. ಹೋಟೆಲಿನವರ ಆದಾಯವೂ ಇಲ್ಲಿನ ವ್ಯವಹಾರದ ಮೇಲೆಯೇ ನಿಂತಿರುವುದರಿಂದ ಅವರಿಗೂ ಇದೇ ಮಾತು.

ಒಂದು ಎಚ್ಚರಿಕೆ ಮಾತ್ರ ಎಲ್ಲರಿಗೂ ಅನ್ವಯ. ಜಗತ್ತಿಗೇ ಭಯ ಹತ್ತಿದಾಗ ಎಲ್ಲವೂ ಒಟ್ಟಿಗೇ ಬೀಳುತ್ತವೆ. 2020ರ ಫೆಬ್ರುವರಿ 19ರಿಂದ ಮಾರ್ಚ್ 23ರೊಳಗೆ ಎಸ್ ಆ್ಯಂಡ್ ಪಿ 500 ಸುಮಾರು ಶೇ. 34 ಇಳಿಯಿತು, ಆಗಲೇ ಸೋತಿದ್ದ ನಮ್ಮ ಸ್ಮಾಲ್ ಕ್ಯಾಪ್ ಇನ್ನಷ್ಟು ಕುಸಿಯಿತು. ವ್ಯತ್ಯಾಸ ಕಾಣುವುದು ಚೇತರಿಕೆಯಲ್ಲಿ: ಅಮೆರಿಕದ ಸೂಚ್ಯಂಕ ಅದೇ ಆಗಸ್ಟ್‌ಗೆ ಹಳೆಯ ಎತ್ತರ ಮುಟ್ಟಿತು, ನಮ್ಮ ಸ್ಮಾಲ್ ಕ್ಯಾಪ್‌ಗೆ 2018ರ ಎತ್ತರ ಮುಟ್ಟಲು 2021 ಬೇಕಾಯಿತು. ಆರು ತಿಂಗಳ ಮನೆಖರ್ಚು ಎಫ್‌ಡಿಯಲ್ಲೋ ಲಿಕ್ವಿಡ್ ಫಂಡಿನಲ್ಲೋ (ಅಲ್ಪಾವಧಿ ಸಾಲಪತ್ರಗಳಲ್ಲಿ ಹೂಡುವ ಫಂಡ್) ಇಲ್ಲದವರು ಈ ಎರಡರ ಹತ್ತಿರವೂ ಬರಬಾರದು.

ರೂಪಾಯಿಯ ಪಾತ್ರವನ್ನು ಹಲವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 2022ರಲ್ಲಿ ನ್ಯಾಸ್‌ಡ್ಯಾಕ್ 100 ಡಾಲರ್ ಲೆಕ್ಕದಲ್ಲಿ ಸುಮಾರು ಶೇ. 33 ಬಿತ್ತು. ಅದೇ ವರ್ಷ ಡಾಲರ್ ಬೆಲೆ 74 ರೂಪಾಯಿ ಚಿಲ್ಲರೆಯಿಂದ 82 ರೂಪಾಯಿ ಚಿಲ್ಲರೆಗೆ, ಅಂದರೆ ಶೇ. 11ರಷ್ಟು ಏರಿತು. ಎರಡನ್ನೂ ಕೂಡಿಸಬಾರದು, ಗುಣಿಸಬೇಕು: 0.67 × 1.11 = 0.74. ಇಲ್ಲಿನ ಹೂಡಿಕೆದಾರನಿಗೆ ನಷ್ಟ ಶೇ. 26ರ ಆಸುಪಾಸು. ಭಯದ ಕಾಲದಲ್ಲಿ ಡಾಲರ್ ಗಟ್ಟಿಯಾಗುವುದರಿಂದ ಪೆಟ್ಟು ಸ್ವಲ್ಪ ತಗ್ಗುತ್ತದೆ. ವಿದೇಶಿ ಫಂಡಿನ ಪರವಾಗಿ ಹೇಳಬಹುದಾದ ಅತ್ಯಂತ ಬಲವಾದ ಮಾತು ಇದು. ಆದರೆ ಅಮೆರಿಕ ಯಾವಾಗಲೂ ಬೇಗ ಏಳುತ್ತದೆ ಎಂಬ ನಂಬಿಕೆ ಸರಿಯಲ್ಲ. 2000ದ ಮಾರ್ಚ್‌ನಲ್ಲಿ ಮುಟ್ಟಿದ ಎತ್ತರಕ್ಕೆ ನ್ಯಾಸ್‌ಡ್ಯಾಕ್ ಮಾರುಕಟ್ಟೆಯ ಒಟ್ಟಾರೆ ಸೂಚ್ಯಂಕವಾದ ನ್ಯಾಸ್‌ಡ್ಯಾಕ್ ಕಾಂಪೊಸಿಟ್ ಮತ್ತೆ ಬಂದದ್ದು 2015ರ ಏಪ್ರಿಲ್‌ನಲ್ಲಿ.

ಸ್ಮಾಲ್ ಕ್ಯಾಪ್‌ನಲ್ಲಿ ಅಪಾಯದ ಮೂಲ ಕೊಳ್ಳುವವರ ಕೊರತೆ. ಏರುವಾಗ ಯಾರೂ ಇದನ್ನು ಗಮನಿಸುವುದಿಲ್ಲ. ಇಳಿಯುವಾಗ ದಿನಕ್ಕೆ ಕೆಲವೇ ಸಾವಿರ ಷೇರು ಕೈಬದಲಾಗುವ ಕಂಪನಿಯಲ್ಲಿ ಫಂಡ್ ಲಕ್ಷಗಟ್ಟಲೆ ಷೇರು ಮಾರಬೇಕಾದರೆ, ಅದರ ಮಾರಾಟದಿಂದಲೇ ಬೆಲೆ ಬೀಳುತ್ತದೆ. ಇದನ್ನು ಅಳೆಯಲು ಈಗ ಒಂದು ಸಾಧನವಿದೆ. 2024ರ ಮಾರ್ಚ್‌ನಿಂದ ಪ್ರತಿ ಸ್ಮಾಲ್ ಕ್ಯಾಪ್ ಮತ್ತು ಮಿಡ್ ಕ್ಯಾಪ್ ಫಂಡ್ ‘ಸ್ಟ್ರೆಸ್ ಟೆಸ್ಟ್’ ವರದಿ ಪ್ರಕಟಿಸುತ್ತಿದೆ. ಆಂಫಿ ಜಾಲತಾಣದಲ್ಲೂ ಫಂಡ್ ಕಂಪನಿಯ ತಾಣದಲ್ಲೂ ಸಿಗುತ್ತದೆ. ಅದರಲ್ಲಿ ಫಂಡಿನ ಶೇ. 25 ಮತ್ತು ಶೇ. 50 ಭಾಗ ಮಾರಲು ಎಷ್ಟು ದಿನ ಬೇಕು ಎಂದಿರುತ್ತದೆ. ಮಾರಲು ಅತಿ ಕಷ್ಟವಾದ ಶೇ. 20 ಷೇರುಗಳನ್ನು ಬದಿಗಿಟ್ಟು ಮಾಡಿದ ಲೆಕ್ಕವಾದ್ದರಿಂದ ನಿಜಸ್ಥಿತಿ ಇನ್ನೂ ಬಿಗಿಯಾಗಿರುತ್ತದೆ ಎಂದೇ ಓದಿ. ಒಂದು ತಿಂಗಳ ಅಂಕಿ ನೋಡಿ ಸುಮ್ಮನಾಗಬೇಡಿ. ವರ್ಷದ ಹಿಂದಿನದರ ಜೊತೆ ಹೋಲಿಸಿ. ಫಂಡಿನ ಗಾತ್ರ ಬೆಳೆದಂತೆ ದಿನಗಳೂ ಏರುತ್ತ ಹೋಗಿದ್ದರೆ ಆ ಫಂಡಿಗೆ ತನ್ನ ಗಾತ್ರವೇ ಭಾರವಾಗುತ್ತಿದೆ ಎಂದರ್ಥ. 2023ರ ಜುಲೈನಲ್ಲಿ ಕೆಲವು ದೊಡ್ಡ ಸ್ಮಾಲ್ ಕ್ಯಾಪ್ ಫಂಡ್‌ಗಳು ಇಡುಗಂಟು ಹೂಡಿಕೆ ನಿಲ್ಲಿಸಿ ಕಂತನ್ನು ಮಾತ್ರ ಒಪ್ಪಿದವು. ಬಾಗಿಲು ಹಾಕುವ ಫಂಡನ್ನು ಜನ ಬೈಯುತ್ತಾರೆ. ನಮ್ಮ ದೃಷ್ಟಿಯಲ್ಲಿ ಅದು ಒಳಗಿದ್ದವರ ಹಿತ ಕಾಯುವ ಕೆಲಸ.

ವಿದೇಶಿ ಫಂಡಿನ ಬಾಗಿಲು ಮುಚ್ಚುವ ಕಾರಣ ಬೇರೆ. ಇಡೀ ಮ್ಯೂಚುವಲ್ ಫಂಡ್ ಉದ್ಯಮ ವಿದೇಶದಲ್ಲಿ ಹೂಡಲು 700 ಕೋಟಿ ಡಾಲರ್‌ಗಳ ಮಿತಿ ಇದೆ, ವಿದೇಶಿ ಇಟಿಎಫ್‌ಗಳಿಗೆ ಪ್ರತ್ಯೇಕವಾಗಿ 100 ಕೋಟಿ ಡಾಲರ್. ಮಿತಿ ಹತ್ತಿರವಾದಾಗ ಸೆಬಿ 2022ರ ಫೆಬ್ರುವರಿಯಿಂದ ಹೊಸ ಹಣ ನಿಲ್ಲಿಸಿತು. ಅದೇ ಜೂನ್‌ನಲ್ಲಿ, ಹಳಬರು ಹಣ ತೆಗೆದಷ್ಟು ಜಾಗಕ್ಕೆ ಮಾತ್ರ ಅವಕಾಶ ಕೊಟ್ಟಿತು. ಇಟಿಎಫ್ ಪಾಲಿನ ಮಿತಿಯೂ ಭರ್ತಿಯಾಗುವ ಹಂತಕ್ಕೆ ಬಂದು 2024ರ ಏಪ್ರಿಲ್ 1ರಿಂದ ಆ ದಾರಿಯೂ ನಿಂತಿತು. ಹೀಗಾಗಿ ಚಾಲ್ತಿಯಲ್ಲಿರುವ ಕಂತೂ ಒಂದು ದಿನ ತಿರಸ್ಕೃತವಾಗಿ ಮರಳಬಹುದು. ಹೂಡುವ ಮುನ್ನ ಆ ಫಂಡ್ ಸದ್ಯ ಕಂತು ಸ್ವೀಕರಿಸುತ್ತಿದೆಯೇ, ತಿಂಗಳಿಗೆ ಗರಿಷ್ಠ ಎಷ್ಟು ಎಂದು ಕಂಪನಿಯ ತಾಣದಲ್ಲಿ ‘ಅಡೆಂಡಮ್’ (ನಿಯಮ ಬದಲಾವಣೆಯ ಪ್ರಕಟಣೆ) ವಿಭಾಗ ನೋಡಿ. ಹಣ ತೆಗೆಯುವಾಗಲೂ ಇಲ್ಲಿ ತಾಳ್ಮೆ ಬೇಕು. ಸ್ಮಾಲ್ ಕ್ಯಾಪ್ ಹಣ ಎರಡು ಕೆಲಸದ ದಿನಗಳಲ್ಲಿ ಬ್ಯಾಂಕಿಗೆ ಬಂದರೆ, ವಿದೇಶಿ ಫಂಡಿನದು ಅಲ್ಲಿನ ರಜೆಗಳನ್ನೂ ದಾಟಿ ಬರಬೇಕಾದ್ದರಿಂದ ಇನ್ನಷ್ಟು ದಿನ ಹಿಡಿಯುತ್ತದೆ.

ಈ ಮಿತಿಯಿಂದ ಹುಟ್ಟಿದ ಬಲೆಯೊಂದಿದೆ. ಹೊಸ ಯೂನಿಟ್ ಸೃಷ್ಟಿಯಾಗದ ಕಾರಣ, ಎನ್‌ಎಸ್‌ಇಯಲ್ಲಿ ವಹಿವಾಟಾಗುವ ನ್ಯಾಸ್‌ಡ್ಯಾಕ್ ಇಟಿಎಫ್ ತನ್ನ ನಿಜ ಮೌಲ್ಯಕ್ಕಿಂತ ಶೇ. 10ಕ್ಕೂ ಹೆಚ್ಚು ಬೆಲೆಗೆ ಮಾರಾಟವಾದ ದಿನಗಳಿವೆ. ನೂರು ರೂಪಾಯಿಯ ಸರಕಿಗೆ 112 ಕೊಟ್ಟರೆ, ಮಿತಿ ಸಡಿಲವಾದ ದಿನ ಆ 12 ರೂಪಾಯಿ ಮಾಯ. ಅಮೆರಿಕದ ಮಾರುಕಟ್ಟೆ ಇಳಿಯಬೇಕೆಂದೂ ಇಲ್ಲ. ಖರೀದಿ ಗುಂಡಿ ಒತ್ತುವ ಮೊದಲು ಫಂಡ್ ಕಂಪನಿಯ ತಾಣದಲ್ಲಿ ‘ಐನ್ಯಾವ್’ (ಆ ಹೊತ್ತಿನ ನಿಜ ಮೌಲ್ಯದ ಅಂದಾಜು) ನೋಡಿ, ಪರದೆಯ ಬೆಲೆಯೊಂದಿಗೆ ಹೋಲಿಸಿ. ಶೇ. 1–2ಕ್ಕಿಂತ ಹೆಚ್ಚು ಅಂತರವಿದ್ದರೆ ಕೊಳ್ಳಬೇಡಿ. ಸಿಕ್ಕ ಬೆಲೆಗೆ ಕೊಳ್ಳುವ ಮಾರ್ಕೆಟ್ ಆರ್ಡರ್ ಹಾಕಲೇಬೇಡಿ, ಗರಿಷ್ಠ ಬೆಲೆ ನೀವೇ ನಿಗದಿ ಮಾಡುವ ಲಿಮಿಟ್ ಆರ್ಡರ್ ಹಾಕಿ.

ತೆರಿಗೆಯಲ್ಲಿ ಸ್ಮಾಲ್ ಕ್ಯಾಪ್ ಗೆಲ್ಲುತ್ತದೆ. ಒಂದು ವರ್ಷ ದಾಟಿದ ಲಾಭಕ್ಕೆ ಶೇ. 12.5, ಅದೂ ವರ್ಷಕ್ಕೆ 1.25 ಲಕ್ಷದವರೆಗಿನ ಲಾಭ ಬಿಟ್ಟು. ವರ್ಷದೊಳಗೆ ಮಾರಿದರೆ ಶೇ. 20. ವಿದೇಶಿ ಫಂಡ್ ಆಫ್ ಫಂಡ್‌ಗೆ ಕಾಯಬೇಕಾದದ್ದು 24 ತಿಂಗಳು. ಆಮೇಲೂ ಶೇ. 12.5, ಆದರೆ 1.25 ಲಕ್ಷದ ವಿನಾಯಿತಿ ಇಲ್ಲ. 24 ತಿಂಗಳೊಳಗೆ ಮಾರಿದರೆ ನಿಮ್ಮ ಸ್ಲ್ಯಾಬ್ ದರ. ಮೂರು ಲಕ್ಷ ಲಾಭ ಎಂದಿಟ್ಟುಕೊಳ್ಳಿ. ಸೆಸ್ ಸೇರಿ ಸ್ಮಾಲ್ ಕ್ಯಾಪ್‌ನಲ್ಲಿ ವರ್ಷ ದಾಟಿದ ಮೇಲೆ 22,750 ರೂಪಾಯಿ. ವಿದೇಶಿ ಫಂಡಿನಲ್ಲಿ ಎರಡು ವರ್ಷ ದಾಟಿದರೆ 39,000. ಅದಕ್ಕೆ ಮೊದಲೇ ಮಾರಿದರೆ ಶೇ. 30ರ ಸ್ಲ್ಯಾಬಿನವರಿಗೆ 93,600. ಕಂತಿನಲ್ಲಿ ಕೊಂಡವರು ನೆನಪಿಡಬೇಕಾದದ್ದು, ಪ್ರತಿ ಕಂತಿನ ಅವಧಿ ಬೇರೆ ಬೇರೆ, ಮೊದಲು ಕೊಂಡ ಯೂನಿಟ್ ಮೊದಲು ಮಾರಾಟ. ಬೇಗ ಹೊರಬಂದರೆ ಫಂಡ್ ಹಿಡಿಯುವ ಶುಲ್ಕವಾದ ಎಕ್ಸಿಟ್ ಲೋಡಿಗೂ ಅದೇ ಕ್ರಮ. ಫಂಡ್‌ಗಳ ಲೆಕ್ಕ ಇಡುವ ಕ್ಯಾಮ್ಸ್, ಕೆಫಿನ್‌ಟೆಕ್ ಸಂಸ್ಥೆಗಳ ತಾಣಗಳಿಂದ ಕ್ಯಾಪಿಟಲ್ ಗೇನ್ಸ್ ಸ್ಟೇಟ್‌ಮೆಂಟ್ ತರಿಸಿಕೊಂಡು ಯಾವ ಯೂನಿಟ್‌ಗಳು ಗಡಿ ದಾಟಿವೆ ಎಂದು ನೋಡಿದ ಮೇಲೆಯೇ ಮಾರಿ. ಎರಡರಲ್ಲೂ ಡೈರೆಕ್ಟ್ ಪ್ಲಾನ್ (ಏಜೆಂಟರ ಕಮಿಷನ್ ಇಲ್ಲದ್ದು), ಗ್ರೋತ್ ಆಯ್ಕೆ (ಲಾಭ ಫಂಡಿನಲ್ಲೇ ಬೆಳೆಯುವಂಥದ್ದು) ಇರಲಿ. ಆಗಾಗ ಹಣ ಹಂಚುವ ಐಡಿಸಿಡಬ್ಲ್ಯು ಆಯ್ಕೆ ಆರಿಸಿದರೆ ಬಂದ ಹಣಕ್ಕೆಲ್ಲ ಸ್ಲ್ಯಾಬ್ ದರದ ತೆರಿಗೆ.

ನೇರವಾಗಿ ಅಮೆರಿಕದ ಷೇರು ಕೊಳ್ಳುವ ಆ್ಯಪ್‌ಗಳು ಆಕರ್ಷಕವಾಗಿ ಕಾಣುತ್ತವೆ. ಆದರೆ ಅಲ್ಲಿ ವರ್ಷಕ್ಕೆ 10 ಲಕ್ಷ ಮೀರಿ ಕಳಿಸಿದ ಹಣಕ್ಕೆ ಶೇ. 20 ಟಿಸಿಎಸ್ (ಮುಂಗಡವಾಗಿ ವಸೂಲು ಮಾಡುವ ತೆರಿಗೆ) ಹಿಡಿಯುತ್ತಾರೆ (ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು), ರಿಟರ್ನ್ಸ್‌ನಲ್ಲಿ ವಿದೇಶಿ ಆಸ್ತಿ ತೋರಿಸುವ ಶೆಡ್ಯೂಲ್ ಎಫ್‌ಎಯಲ್ಲಿ ಪ್ರತಿ ಷೇರನ್ನೂ ತೋರಿಸಬೇಕು, ಮತ್ತು ಅಮೆರಿಕದಲ್ಲಿರುವ ಆಸ್ತಿ 60,000 ಡಾಲರ್ ಮೀರಿದ್ದು ಹೂಡಿಕೆದಾರರು ತೀರಿಕೊಂಡರೆ ವಾರಸುದಾರರಿಗೆ ಅಲ್ಲಿನ ಎಸ್ಟೇಟ್ ತೆರಿಗೆಯ ತೊಡಕು. ಇಲ್ಲಿನ ಮ್ಯೂಚುವಲ್ ಫಂಡ್ ಮೂಲಕ ಹೋದರೆ ಈ ಮೂರೂ ಇಲ್ಲ. ಆರ್‌ಎಸ್‌ಯು ಇರುವವರಿಗೆ ಶೆಡ್ಯೂಲ್ ಎಫ್‌ಎ ಹೇಗೂ ತಪ್ಪದು. ಅದರ ಲೆಕ್ಕ ಜನವರಿಯಿಂದ ಡಿಸೆಂಬರ್‌ಗೆ, ನಮ್ಮ ಆರ್ಥಿಕ ವರ್ಷಕ್ಕಲ್ಲ.

ಇನ್ನು ಖರ್ಚಿನ ಕಡೆಗೆ. ಮಗಳು ಅಮೆರಿಕದಲ್ಲಿ ಎಂಎಸ್ ಮಾಡಬೇಕೆಂದಿದ್ದರೆ ಮೇಲಿನ ಲೆಕ್ಕ ಬದಲಾಗುತ್ತದೆ, ಹಿಂಜವಡಿಯವರಿಗೂ ಸಹ. 60,000 ಡಾಲರ್ ಎಂದರೆ 2021ರ ಕೊನೆಗೆ 44.6 ಲಕ್ಷ ರೂಪಾಯಿ. 2024ರ ಕೊನೆಗೆ, ಶುಲ್ಕ ಒಂದು ಡಾಲರ್ ಏರದಿದ್ದರೂ, 51 ಲಕ್ಷ ದಾಟಿತ್ತು. ಈ ಗುರಿಗೆ ಡಾಲರ್ ಜೊತೆ ಏರುವ ಹೂಡಿಕೆಯೇ ಸರಿ. ಮಾರದೆ ಉಳಿಸಿಕೊಂಡ ಆರ್‌ಎಸ್‌ಯುವನ್ನೂ ಇದೇ ಲೆಕ್ಕಕ್ಕೆ ಸೇರಿಸಿ, ಒಂದೇ ಕಂಪನಿಯಿಂದ ತೆಗೆದು ಸೂಚ್ಯಂಕ ಫಂಡಿಗೆ ಸಾಗಿಸಿದರೆ ಒಳ್ಳೆಯದು. ಹೊರಡಲು ಮೂರು ವರ್ಷ ಇರುವಾಗ ಹಣ ತೆಗೆಯಲು ಶುರು ಮಾಡಿ: 24 ತಿಂಗಳು ದಾಟಿದ ಯೂನಿಟ್‌ಗಳಿಂದ ಮೊದಲ ವರ್ಷ ಮೂರನೇ ಒಂದು ಭಾಗ, ಎರಡನೇ ವರ್ಷ ಉಳಿದುದರ ಅರ್ಧ, ವೀಸಾ ಅರ್ಜಿಗೆ ಆರು ತಿಂಗಳು ಮುಂಚೆ ಪೂರ್ತಿ. ತೆಗೆದದ್ದು ಎಫ್‌ಡಿಗೆ ಹೋಗಲಿ. ವಿಶ್ವವಿದ್ಯಾಲಯ ಕೊಡುವ, ವಿದ್ಯಾರ್ಥಿ ವೀಸಾಗೆ ಬೇಕಾದ ಐ-20 ಪತ್ರ ಪಡೆಯಲು ತೋರಿಸಬೇಕಾದ ಬ್ಯಾಂಕ್ ಬ್ಯಾಲೆನ್ಸಿಗೂ ಅದೇ ಒದಗುತ್ತದೆ.

ಊರಲ್ಲಿ, ಬೆಳಗಾವಿಯಲ್ಲೋ ಕುಂದಾಪುರದಲ್ಲೋ, ನಿವೃತ್ತಿಯ ಮನೆ ಕಟ್ಟುವುದಾದರೆ ಖರ್ಚು ಅಪ್ಪಟ ರೂಪಾಯಿಯದು. ಅದಕ್ಕೆ ಹತ್ತು ವರ್ಷವಿದ್ದರೆ ಸ್ಮಾಲ್ ಕ್ಯಾಪ್ ಸೇರಬಹುದು, ಆದರೆ ಒಟ್ಟು ಷೇರು ಹೂಡಿಕೆಯ ಶೇ. 20 ಮೀರದಿರಲಿ. ವರ್ಷಕ್ಕೊಮ್ಮೆ, ಏಪ್ರಿಲ್‌ನಲ್ಲಿ, ಪಾಲು ನೋಡಿ. 20 ಇದ್ದದ್ದು 28 ಆಗಿದ್ದರೆ ಹೆಚ್ಚಾದದ್ದನ್ನು ಮಾರಿ ಲಾರ್ಜ್ ಕ್ಯಾಪ್ ಸೂಚ್ಯಂಕ ಫಂಡಿಗೆ ಹಾಕಿ, 1.25 ಲಕ್ಷದ ವಿನಾಯಿತಿ ಹೊಸ ಆರ್ಥಿಕ ವರ್ಷದಲ್ಲಿ ಮತ್ತೆ ಪೂರ್ತಿ ಸಿಕ್ಕಿರುತ್ತದೆ.