ಬೆನ್ನ ಹಿಂದೆ ಎಂಜಿನ್, ಎದುರಿಗೆ ಲಗೂನಾ ಸೆಕಾ

ಪೋರ್ಶೆ ಕೇಮನ್‌ನ ಬಾನೆಟ್ ಎತ್ತಿದರೆ ಅಲ್ಲಿ ಎಂಜಿನ್ ಇರುವುದಿಲ್ಲ. ಆಳವಾದ ಡಿಕ್ಕಿ ಇರುತ್ತದೆ. ಹಿಂದಿನ ಬಾಗಿಲು ಎತ್ತಿದರೂ ಇನ್ನೊಂದು ಡಿಕ್ಕಿ, ಆಯಿಲ್ ಮತ್ತು ಕೂಲೆಂಟ್ ಹಾಕುವ ಎರಡು ಮುಚ್ಚಳ, ಅಷ್ಟೇ. ನನ್ನ ಹಳೆಯ ಕೇಮನ್ ಎಸ್‌ನ ಆರು ಸಿಲಿಂಡರಿನ 3.4 ಲೀಟರ್ ಎಂಜಿನ್ ಸೀಟಿಗೂ ಹಿಂದಿನ ಚಕ್ರಗಳಿಗೂ ನಡುವೆ, ಕಾರ್ಪೆಟ್ಟಿನ ಅಡಿಯಲ್ಲಿ ಕೂತಿದೆ. ಕಣ್ಣಿಗೆ ಬೀಳುವುದಿಲ್ಲ, ಕಿವಿಗೆ ಮಾತ್ರ ಚೆನ್ನಾಗಿ ಬೀಳುತ್ತದೆ. ಬೆನ್ನ ಹಿಂದೆ ಆ ದನಿ ಏರುವುದು ಕೇಳಿದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ನಾನು ಕಾರು ಕಲಿತಿದ್ದು ಶಿವಮೊಗ್ಗದಲ್ಲಿ, ಚಿಕ್ಕಪ್ಪನ ಮಾರುತಿ 800ರಲ್ಲಿ. ಕ್ಯಾಲಿಫೋರ್ನಿಯಾಕ್ಕೆ ಬಂದ ಮೇಲೆ ಫೋಕ್ಸ್‌ವ್ಯಾಗನ್‌ನ ಗಾಲ್ಫ್ ಜಿಟಿಐ ಕಾರು ಕೊಂಡೆ. ಟ್ರ್ಯಾಕ್ ಡೇ, ಅಂದರೆ ನಮ್ಮ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ, ಅದರ ಹುಚ್ಚು ಹತ್ತಿದ್ದು ಆ ಕಾರಿನಲ್ಲೇ. ಮಾರುತಿ, ಜಿಟಿಐ ಎರಡರಲ್ಲೂ ಎಂಜಿನ್ ಮುಂದೆ, ಕಾರನ್ನು ಎಳೆಯುವುದೂ ಮುಂದಿನ ಚಕ್ರ. ಹಾಗಂತ ಬೇರೆ ಥರದ ಗಾಡಿ ನಮ್ಮೂರಲ್ಲಿ ಇರಲಿಲ್ಲ ಅಂತಲ್ಲ. ಮಾರುತಿ ಓಮ್ನಿಯ ಎಂಜಿನ್ ಮುಂದಿನ ಸೀಟಿನ ಕೆಳಗಿತ್ತು, ಗಾಡಿಯನ್ನು ತಳ್ಳುತ್ತಿದ್ದದ್ದು ಹಿಂದಿನ ಚಕ್ರ. ಆದರೆ ಮದುವೆ ಸಾಮಾನು ತುಂಬಿಕೊಂಡು ಹೋಗುವಾಗ ಅದನ್ನೆಲ್ಲ ಯಾರು ಯೋಚಿಸುತ್ತಾರೆ, ಅಲ್ವಾ?

ಎಂಜಿನ್ ನಡುವೆ ಇಟ್ಟರೆ ಏನು ಲಾಭ? ಅಡ್ಡೆಯ ಎರಡು ತುದಿಗೂ ನೀರಿನ ಕೊಡ ತೂಗಿಸಿಕೊಂಡವನು ಗಕ್ಕನೆ ತಿರುಗಲಾರ. ಅದೇ ಕೊಡಗಳನ್ನು ಸೊಂಟಕ್ಕೆ ಒತ್ತಿಕೊಂಡರೆ ಸಲೀಸಾಗಿ ತಿರುಗುತ್ತಾನೆ. ಕಾರಿನಲ್ಲೂ ಲೆಕ್ಕ ಅದೇ. ಭಾರ ನಡುಮಧ್ಯಕ್ಕೆ ಹತ್ತಿರವಾದಷ್ಟೂ ತಿರುಗಲು ಕಡಿಮೆ ಶಕ್ತಿ ಸಾಕು. ರೇಸಿನವರಿಗೆ ಇದರ ಬೆಲೆ ಬೇಗ ಗೊತ್ತಾಯಿತು. 1958ರಲ್ಲಿ ಅರ್ಜೆಂಟೀನಾ ಗ್ರ್ಯಾನ್ ಪ್ರೀಯನ್ನು ಸ್ಟರ್ಲಿಂಗ್ ಮಾಸ್ ಇಂಥದೇ ಒಂದು ಪುಟ್ಟ ಕೂಪರ್ ಕಾರಿನಲ್ಲಿ ಗೆದ್ದರು. ಮರುವರ್ಷ ಜ್ಯಾಕ್ ಬ್ರಾಬಮ್ ಕೂಪರ್‌ನಲ್ಲೇ ವಿಶ್ವ ಚಾಂಪಿಯನ್ ಆದರು. ಮುಂದೆ ಎಂಜಿನ್ ಇದ್ದ ಕಾರು ವಿಶ್ವ ಚಾಂಪಿಯನ್‌ಶಿಪ್‌ನ ಗ್ರ್ಯಾನ್ ಪ್ರೀ ಗೆದ್ದಿದ್ದು 1960ರಲ್ಲಿ, ಇಟಲಿಯಲ್ಲಿ. ಅದೇ ಕೊನೆ. ಓಡಿಸಿದವರು ಕ್ಯಾಲಿಫೋರ್ನಿಯಾದಲ್ಲಿ ಬೆಳೆದ ಫಿಲ್ ಹಿಲ್.

ಸಲೀಸಾಗಿ ತಿರುಗುವ ಕಾರು ನಮಗೆ ಬೇಡವಾದಾಗಲೂ ಅಷ್ಟೇ ಸಲೀಸಾಗಿ ತಿರುಗುತ್ತದೆ. ಅದಕ್ಕೇ ಕೇಮನ್ ತಗೊಂಡ ಮೇಲಿನ ಮೊದಲ ಲಗೂನಾ ಸೆಕಾ ದಿನಕ್ಕೆ, ಹಿಂದೆ ಅಲ್ಲಿ ಓಡಿಸಿದ್ದರೂ, ಇನ್‌ಸ್ಟ್ರಕ್ಟರ್ ಬೇಕೆಂದು ಕೇಳಿಕೊಂಡೆ.

ಲಗೂನಾ ಸೆಕಾ ರೇಸ್ ಟ್ರ್ಯಾಕ್ ಇರುವುದು ಕ್ಯಾಲಿಫೋರ್ನಿಯಾದ ಮಾಂಟೆರೆ ಹತ್ತಿರದ ಗುಡ್ಡಗಳಲ್ಲಿ. 1957ರಲ್ಲಿ ಫೋರ್ಟ್ ಆರ್ಡ್ ಸೇನಾ ನೆಲೆಯ ಜಾಗದಲ್ಲಿ ಕಟ್ಟಿದ್ದು. ಉದ್ದ ಸುಮಾರು 3.6 ಕಿಲೋಮೀಟರ್, 11 ತಿರುವು. ಬೆಳಿಗ್ಗೆ ಸಮುದ್ರದ ಕಡೆಯಿಂದ ಮಂಜು ಬಂದು ಗುಡ್ಡದ ಮೇಲೆ ಕೂತಿರುತ್ತದೆ. ಟಾರು ತಣ್ಣಗೆ, ಟಯರೂ ತಣ್ಣಗೆ. ವೀಲ್ ಬೋಲ್ಟುಗಳನ್ನು 130 ನ್ಯೂಟನ್ ಮೀಟರಿಗೆ ಬಿಗಿ ಮಾಡಿ, ಟಯರ್ ಗಾಳಿ ನೋಡಿ, ಹೆಲ್ಮೆಟ್ ತೋರಿಸಿ, ಡ್ರೈವರ್‌ಗಳ ಮೀಟಿಂಗ್ ಮುಗಿಸುವ ಹೊತ್ತಿಗೆ ಮಂಜು ಸ್ವಲ್ಪ ಎದ್ದಿತ್ತು.

ನನಗೆ ಸಿಕ್ಕ ಇನ್‌ಸ್ಟ್ರಕ್ಟರ್ ಅರವತ್ತು ದಾಟಿದ ಮಹಿಳೆ. ಅವರ ಬಳಿ ಎಪ್ಪತ್ತರ ದಶಕದ ಪೋರ್ಶೆ 914 ಇದೆ. ಅದೂ ಮಿಡ್ ಎಂಜಿನ್ ಕಾರೇ. ಪಕ್ಕದ ಸೀಟಿನಲ್ಲಿ ಕೂತು ಇಂಟರ್‌ಕಾಮ್ ಸಿಕ್ಕಿಸಿಕೊಂಡವರು, "ಇವತ್ತು ಲ್ಯಾಪ್ ಟೈಮ್ ಬೇಡ. ಫೋನ್ ಬ್ಯಾಗಿನಲ್ಲಿಡಿ" ಎಂದರು. ಇಟ್ಟೆ.

ಮೊದಲ ಸೆಷನ್ನಿನಲ್ಲೇ ಅವರು ಹಿಡಿದುಕೊಂಡದ್ದು ಎರಡನೇ ತಿರುವನ್ನು. ಅದಕ್ಕೆ ಆಂಡ್ರೆಟ್ಟಿ ಹೇರ್‌ಪಿನ್ ಎಂದು ಹೆಸರು, 1978ರ ವಿಶ್ವ ಚಾಂಪಿಯನ್ ಮಾರಿಯೋ ಆಂಡ್ರೆಟ್ಟಿ ಅವರದು. ನೇರ ರಸ್ತೆಯಲ್ಲಿ ಗಂಟೆಗೆ 180 ಕಿಲೋಮೀಟರ್ ಆಸುಪಾಸಿನಲ್ಲಿ ಏರು ಹತ್ತಿ ಇಳಿಯುವಾಗಲೇ ಬ್ರೇಕ್ ಒತ್ತಬೇಕು. ಮುಂದೆ ಎಡಕ್ಕೆ ಸುತ್ತುವ ಉದ್ದನೆಯ ತಿರುವು. ಒಳಅಂಚನ್ನು ಒಂದು ಸಲ ಮುಟ್ಟಿ, ಹೊರಬಂದು, ಮತ್ತೆ ಮುಟ್ಟಬೇಕು.

ಜಿಟಿಐಯಲ್ಲಿ ನಾನು ರೂಢಿ ಮಾಡಿಕೊಂಡಿದ್ದ ಕ್ರಮ ಹೀಗಿತ್ತು: ನೇರದಲ್ಲಿ ಬ್ರೇಕ್ ಮುಗಿಸು, ಪೂರ್ತಿ ಬಿಡು, ಆಮೇಲೆ ತಿರುಗಿಸು. ಆ ಕಾರಿನ ಭಾರದಲ್ಲಿ ಸುಮಾರು ಶೇ 60ರಷ್ಟು ಮುಂದಿನ ಚಕ್ರಗಳ ಮೇಲೆಯೇ ಇರುತ್ತದೆ. ಬ್ರೇಕ್ ಬಿಟ್ಟರೂ ಮೂತಿ ನೆಲ ಕಚ್ಚಿಕೊಂಡಿರುತ್ತದೆ. ಕೇಮನ್‌ನಲ್ಲಿ ಮುಂದೆ ಇರುವುದು ಅರ್ಧಕ್ಕಿಂತ ಕಡಿಮೆ. ಬ್ರೇಕನ್ನು ಪಟ್ಟನೆ ಬಿಟ್ಟರೆ ಮೂತಿ ಮೇಲೇಳುತ್ತದೆ, ಮುಂದಿನ ಟಯರಿನ ಹಿಡಿತ ಸಡಿಲವಾಗುತ್ತದೆ. ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಕಾರು ಹೊರಕ್ಕೇ ಜಾರುತ್ತದೆ.

ಅವರು ಕೇಳಿದ್ದು ಒಂದೇ ಪ್ರಶ್ನೆ: "ಬ್ರೇಕ್ ಬಿಡೋಕೆ ನಿಮಗೆ ಎಷ್ಟು ಹೊತ್ತು ಬೇಕು?"

ಅಲ್ಲಿವರೆಗೆ ಬ್ರೇಕ್ ಎಷ್ಟು ತಡವಾಗಿ ಒತ್ತಬಹುದು, ಎಷ್ಟು ಜೋರಾಗಿ ಒತ್ತಬಹುದು ಎಂದು ಎಲ್ಲರೂ ಮಾತಾಡುವುದನ್ನು ಕೇಳಿದ್ದೆ. ಬಿಡುವ ಬಗ್ಗೆ ಇಷ್ಟು ಗಂಭೀರವಾಗಿ ಕೇಳಿದವರು ಇವರೇ ಮೊದಲು. ಮುಂದಿನ ಸುತ್ತಿನಿಂದ ಅವರು ಜೋರಾಗಿ ಎಣಿಸಲು ಶುರು ಮಾಡಿದರು. "ನೂರು... ಎಪ್ಪತ್ತು... ನಲವತ್ತು... ಇಪ್ಪತ್ತು... ಹತ್ತು... ಹತ್ತರಲ್ಲೇ ಇರಿ... ಈಗ ಬಿಡಿ." ಕಾಲಿನ ಒತ್ತಡ ಆ ದನಿಯ ಜೊತೆ ಇಳಿಯಬೇಕು, ಇಳಿದಷ್ಟೇ ಸ್ಟೀರಿಂಗ್ ತಿರುಗಬೇಕು. ಹತ್ತು ಅನ್ನುವುದು ಪೆಡಲಿನ ಮೇಲೆ ಕಾಲು ಸುಮ್ನೆ ಇಟ್ಟ ಹಾಗೆ. ಅಷ್ಟು ಸಣ್ಣ ಒತ್ತಡ ತಿಳಿಯಬೇಕಾದರೆ ತೆಳ್ಳನೆಯ ಅಟ್ಟೆಯ ಶೂ ಬೇಕು. ದಪ್ಪ ರಬ್ಬರಿನ ಸ್ನೀಕರ್ ಹಾಕಿಕೊಂಡು ಇದನ್ನು ಕಲಿಯಲು ಹೋಗಬೇಡಿ.

ಅದು ಕೂಡಿ ಬಂದ ಸುತ್ತು ನನಗೆ ಚೆನ್ನಾಗಿ ನೆನಪಿದೆ. ಮೊದಲು ಗೊತ್ತಾದದ್ದು ಸೊಂಟಕ್ಕೆ. ಈ ಕಾರಿನಲ್ಲಿ ನಾವು ಕೂತಿರುವುದು ಅದು ತಿರುಗುವ ಜಾಗದ ಹತ್ತಿರವೇ. ಹಾಗಾಗಿ ಮೂತಿ ಒಳಗೆ ಬರುವುದೂ ಹಿಂಭಾಗ ಹಗೂರಾಗಿ ಹೊರಳುವುದೂ ಒಟ್ಟಿಗೇ ತಿಳಿಯುತ್ತದೆ. ಸ್ಟೀರಿಂಗ್ ಇನ್ನೂ ತಿರುಗಿಸಬೇಕು ಎಂದುಕೊಂಡ ಜಾಗದಲ್ಲಿ ಬೇಕೇ ಆಗಲಿಲ್ಲ. ಕಾರು ಆಗಲೇ ಎರಡನೇ ಒಳಅಂಚಿನ ಕಡೆ ನೋಡುತ್ತಿತ್ತು. ಆಕ್ಸಿಲರೇಟರ್ ಕೊಡುತ್ತಾ ಹೋದೆ, ಭಾರ ಹಿಂದಿನ ಚಕ್ರಗಳ ಮೇಲೆ ಕೂತು ಕಾರು ಮುಂದಕ್ಕೆ ಚಿಮ್ಮಿತು. ಪಕ್ಕದಲ್ಲಿ ಎಣಿಕೆ ನಿಂತಿತ್ತು. "ಹೂಂ" ಎಂದರು, ಅಷ್ಟೇ.

ಮಧ್ಯಾಹ್ನ ಟಯರ್ ಬಿಸಿ ಇರುವಾಗಲೇ ಗಾಳಿ ಪರೀಕ್ಷಿಸುತ್ತಿದ್ದಾಗ ಮಜ್ದಾದ ಪುಟ್ಟ ಸ್ಪೋರ್ಟ್ಸ್ ಕಾರು ಮಿಯಾಟಾ ತಂದಿದ್ದ ತೀರ್ಥಹಳ್ಳಿಯ ಗೆಳೆಯ ಬಂದ. "ಎಂತ ಮಾಡಿದೆ ಮಾರಾಯ? ಬೆಳಿಗ್ಗೆ ಎರಡನೇ ತಿರುವಲ್ಲಿ ನಿನ್ನ ಬಾಲಕ್ಕೇ ಅಂಟ್ಕೊಂಡಿದ್ದೆ. ಈಗ ಸಿಗೋದೇ ಇಲ್ಲ" ಎಂದ. ಎಂಜಿನ್ ಶಕ್ತಿಯಲ್ಲಿ ಕೇಮನ್ ಎಲ್ಲಿ, ಮಿಯಾಟಾ ಎಲ್ಲಿ? ಆದರೆ ಅವನು ಹೇಳುತ್ತಿದ್ದದ್ದು ನೇರ ರಸ್ತೆಯ ಮಾತಲ್ಲ, ತಿರುವಿನ ಮಾತು. ಅದಕ್ಕೇ ಅಷ್ಟು ಖುಷಿಯಾಯಿತು.

ಈ ಟ್ರ್ಯಾಕಿಗೆ ಬರುವವರಲ್ಲಿ ಕಾರ್ಕ್‌ಸ್ಕ್ರೂ ಎಂಬ ತಿರುವಿನ ಬಗ್ಗೆ ಕೇಳದವರಿಲ್ಲ. ಎಂಟನೇ ತಿರುವಿನಲ್ಲಿ ಎಡಕ್ಕೆ, ಕೂಡಲೇ ಬಲಕ್ಕೆ. ಅಷ್ಟರಲ್ಲೇ ರಸ್ತೆ ಸುಮಾರು 18 ಮೀಟರ್ ಕೆಳಗೆ ಬೀಳುತ್ತದೆ. ಮೇಲಿನಿಂದ ರಸ್ತೆ ಕಾಣುವುದೇ ಇಲ್ಲ, ಆಚೆಯ ಮರವನ್ನು ಗುರುತು ಇಟ್ಟುಕೊಂಡು ಕಾರನ್ನು ಬಿಡಬೇಕು. ನೋಡಲು ಎಷ್ಟೇ ಭಯವಾಗಲಿ, ವೇಗ ಕಡಿಮೆ ಇರುವ ಜಾಗ ಅದು. ನನ್ನ ಮಟ್ಟಿಗೆ ಈ ಟ್ರ್ಯಾಕಿನ ನಿಜವಾದ ಪರೀಕ್ಷೆ ಅಲ್ಲಿಲ್ಲ, ಆರನೇ ತಿರುವಿನಲ್ಲಿದೆ.

ಆರನೆಯದು ವೇಗದ ಎಡ ತಿರುವು. ಒಳಅಂಚಿನ ಬಳಿ ರಸ್ತೆ ತಗ್ಗಿ ಮತ್ತೆ ಏರುತ್ತದೆ. ತಗ್ಗಿನಲ್ಲಿ ಕಾರು ನೆಲಕ್ಕೆ ಒತ್ತಿಕೊಳ್ಳುವುದರಿಂದ ಹಿಡಿತ ಜಾಸ್ತಿ ಸಿಗುತ್ತದೆ, ಅದನ್ನು ನಂಬಿ ಆಕ್ಸಿಲರೇಟರ್ ಬಿಡದೆ ಹೋಗಬೇಕು. ಊಟದ ನಂತರದ ಸೆಷನ್ನಿನಲ್ಲಿ ನನ್ನ ಮುಂದಿನ ಕಾರು ಅಲ್ಲಿ ಹೊರಬದಿಯ ಮಣ್ಣಿಗೆ ಇಳಿದು ಧೂಳೆಬ್ಬಿಸಿತು. ಕಾಲು ತಾನಾಗಿಯೇ ಮೇಲೆ ಬಂತು. ಜಿಟಿಐ ಆಗಿದ್ದರೆ ಮೂತಿ ಸ್ವಲ್ಪ ಒಳಕ್ಕೆ ಸರಿಯುತ್ತಿತ್ತು, ಅಷ್ಟೇ. ಕೇಮನ್‌ನಲ್ಲಿ ಹಿಂದಿನ ಚಕ್ರಗಳ ಮೇಲಿದ್ದ ಭಾರ ಮುಂದಕ್ಕೆ ಸರಿದು ಹಿಂಭಾಗ ಹೊರಟೇಬಿಟ್ಟಿತು. ಡ್ಯಾಶಿನ ಮೇಲೆ, ಕಾರು ಜಾರಿದರೆ ಎಚ್ಚರಿಸುವ ಸ್ಟೆಬಿಲಿಟಿ ದೀಪ ಮಿನುಗಿತು. ಸ್ಟೀರಿಂಗನ್ನು ಎದುರು ದಿಕ್ಕಿಗೆ ಕೊಟ್ಟೆ. "ನೇರ ಮಾಡಿ, ನೇರ ಮಾಡಿ!" ಎಂದರು ಅವರು, ಅದೇ ಗಳಿಗೆಯಲ್ಲಿ. ಕಾರು ಸರಿಹೋಗುವ ಕ್ಷಣದಲ್ಲಿ ಸ್ಟೀರಿಂಗ್ ಇನ್ನೂ ಎದುರು ದಿಕ್ಕಿನಲ್ಲೇ ಇದ್ದರೆ ಹಿಂಭಾಗ ಆ ಕಡೆಯಿಂದ ಈ ಕಡೆಗೆ ಬೀಸುತ್ತದೆ. ಆ ಎರಡನೇ ಬೀಸು ಮೊದಲನೆಯದಕ್ಕಿಂತ ಜೋರು. ಜಾರು ಹಿಡಿಯುವಷ್ಟೇ ಬೇಗ ಸ್ಟೀರಿಂಗ್ ವಾಪಸ್ ತರಬೇಕು. ಈ ಕಾರಿನಲ್ಲಿ ಅದಕ್ಕೆ ಸಿಗುವ ಸಮಯ ತೀರಾ ಕಡಿಮೆ.

ಪಿಟ್‌ಗೆ ಬಂದ ಮೇಲೆ ಅವರು ಹೇಳಿದ್ದು ಕೇಳಿ ಬೆಳಗಿನಿಂದ ಕಲಿತದ್ದೆಲ್ಲ ಒಂದಕ್ಕೊಂದು ಜೋಡಿಕೊಂಡಿತು. "ಬ್ರೇಕಿಗೆ ಎಣಿಸಿದ್ದೇ ಆಕ್ಸಿಲರೇಟರಿಗೂ. ವೇಗ ಜಾಸ್ತಿ ಅನ್ನಿಸಿದರೆ ನೂರರಿಂದ ಎಂಬತ್ತಕ್ಕೆ ಬನ್ನಿ, ಸೊನ್ನೆಗೆ ಬರಬೇಡಿ." ಆಮೇಲೆ ಆರನೇ ತಿರುವಿಗೆ ಸ್ವಲ್ಪ ಮೊದಲೇ, ಕಾರು ನೇರ ಇರುವಾಗಲೇ ಬ್ರೇಕನ್ನು ಒಂದಿಷ್ಟು ಮುಟ್ಟಿ ಮೂತಿ ಕೂರಿಸಿಕೊಳ್ಳಲು ಶುರು ಮಾಡಿದೆ. ಹಾಗೆ ಮಾಡಿದರೆ ನಡುವಿನಲ್ಲಿ ಕಾಲು ಎತ್ತಬೇಕು ಅನ್ನಿಸುವುದೇ ಇಲ್ಲ. ತಗ್ಗಿನಲ್ಲಿ ಕಾರು ಕುಗ್ಗಿ, ಏರಿನ ಕಡೆಗೆ ಎದ್ದು ಹೋಗುವಾಗ ಬೆನ್ನ ಹಿಂದಿನ ಎಂಜಿನ್ನಿನ ದನಿ ಒಂದೇ ಸಮ ಏರುತ್ತಿತ್ತು.

ಒಂಬತ್ತನೇ ತಿರುವು ಮಾತ್ರ ಇನ್ನೂ ಒಲಿದಿಲ್ಲ. ಕಾರ್ಕ್‌ಸ್ಕ್ರೂ ಇಳಿದ ಮೇಲೆ ಬರುವ ಉದ್ದನೆಯ ಎಡ ತಿರುವು ಅದು. ಮೋಟಾರ್‌ಸೈಕಲ್ ಚಾಂಪಿಯನ್ ವೇಯ್ನ್ ರೇನಿ ಅವರ ಹೆಸರಿನದು. ಇಡೀ ತಿರುವು ಇಳಿಜಾರು, ಹಾಗಾಗಿ ಹಿಂದಿನ ಚಕ್ರ ಮೊದಲೇ ಹಗುರ. ಅಲ್ಲಿ ಹತ್ತರಿಂದ ಸೊನ್ನೆಗೆ ಬರುವುದೇ ಕಷ್ಟ. ಮುಂದಿನ ಚಕ್ರಗಳ ಕ್ಯಾಂಬರ್, ಅಂದರೆ ಮೇಲ್ತುದಿ ಒಳಕ್ಕೆ ವಾಲುವ ಓರೆ, ಹೆಚ್ಚಿಸಿಕೋ ಎಂದು ಗೆಳೆಯ ಹೇಳುತ್ತಿದ್ದಾನೆ. ಹೆಚ್ಚಿಸಿದರೆ ಹಿಡಿತ ಜಾಸ್ತಿ ಸಿಗುತ್ತದೆ, ನಿಜ. ಆದರೆ ಕಾಲಿನ ಕೆಲಸ ಗಟ್ಟಿಯಾಗುವ ತನಕ ಕಾರನ್ನು ಮುಟ್ಟುವುದಿಲ್ಲ. ಹೊಸ ಬ್ರೇಕ್ ಪ್ಯಾಡ್ ಮತ್ತು ಬ್ರೇಕ್ ಆಯಿಲ್‌ಗೆ ಹೇಳಿದ್ದೇನೆ. ಮುಂದಿನ ದಿನಕ್ಕೂ ಅದೇ ಇನ್‌ಸ್ಟ್ರಕ್ಟರ್ ಬೇಕೆಂದು ಬರೆದು ಕಳಿಸಿದ್ದೇನೆ. ಒಂಬತ್ತರಲ್ಲಿ ಅವರು ಪಕ್ಕದಲ್ಲಿ ಕೂತು ಎಣಿಸಬೇಕು.