ಒಂದು ಇನ್‌ಸ್ಟಾಲರ್ ಕೆಡಿಸಿದ್ದನ್ನು ಇನ್ನೊಂದು ಪ್ರೋಗ್ರಾಮಿನಲ್ಲಿ ಹುಡುಕಿದ್ದು

ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ ನಡೆಯುವ ನನ್ನ ಕಂಪ್ಯೂಟರಿಗೆ ಸ್ಕ್ಯಾನರೊಂದರ ತಂತ್ರಾಂಶವನ್ನು ಹಾಕಿಕೊಂಡ ದಿನ ಸಂಜೆ, ಅದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲದ, ಚಿತ್ರಗಳನ್ನು ತಿದ್ದುವ ಪ್ರೋಗ್ರಾಮೊಂದು ತೆರೆದುಕೊಳ್ಳಲೇ ಇಲ್ಲ. ಕಮಾಂಡುಗಳನ್ನು ಬರೆಯುವ ಟರ್ಮಿನಲ್‌ನಿಂದ ಓಡಿಸಿ ನೋಡಿದಾಗ, ಸಿ++ ಪ್ರೋಗ್ರಾಮುಗಳಿಗೆ ಬೇಕಾದ ಸಿದ್ಧ ಕೋಡ್ ಇರುವ ಲಿಬ್‌ಎಸ್‌ಟಿಡಿಸಿ++ ಲೈಬ್ರರಿಯಲ್ಲಿ ‘ಜಿಎಲ್‌ಐಬಿಸಿಎಕ್ಸ್‌ಎಕ್ಸ್_3.4.29’ ಎಂಬ ಆವೃತ್ತಿ ಸಿಗಲಿಲ್ಲವೆಂಬ ಸಂದೇಶ ಬಂತು. ಬೆಳಿಗ್ಗೆಯಷ್ಟೇ ಅದೇ ಪ್ರೋಗ್ರಾಮಿನಲ್ಲಿ ಕೆಲಸ ಮಾಡಿದ್ದೆ. ನಡುವೆ ಯಾವ ಅಪ್‌ಡೇಟನ್ನೂ ಮಾಡಿರಲಿಲ್ಲ.

ಇಂಥ ಹೊತ್ತಿನಲ್ಲಿ ಕೆಟ್ಟಂತೆ ಕಾಣುವ ಪ್ರೋಗ್ರಾಮನ್ನೇ ತೆಗೆದು ಮತ್ತೆ ಹಾಕುವುದು ರೂಢಿ. ನಾನೂ ಹಾಗೇ ಮಾಡಿದೆ, ಫಲ ಸಿಗಲಿಲ್ಲ. ಹಲವು ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಲೈಬ್ರರಿಯೊಂದನ್ನು ಯಾರೋ ಬದಲಿಸಿದಾಗ, ಬದಲಿಸಿದವರ ತಂತ್ರಾಂಶ ಚೆನ್ನಾಗಿಯೇ ನಡೆಯುತ್ತದೆ, ಪೆಟ್ಟು ಬೀಳುವುದು ಬೇರೆಯವರಿಗೆ. ಇಂಥ ಲೈಬ್ರರಿ ಫೈಲುಗಳಿಗೆ ವಿಂಡೋಸ್‌ನಲ್ಲಿ ಡಿಎಲ್‌ಎಲ್ ಎಂದು ಹೆಸರು, ಅದನ್ನು ಬಳಸುವವರು ತೊಂಬತ್ತರ ದಶಕದಲ್ಲಿ ಈ ತೊಂದರೆಯನ್ನು ‘ಡಿಎಲ್‌ಎಲ್ ಹೆಲ್’ ಎಂದೇ ಕರೆಯುತ್ತಿದ್ದರು. ವಿಂಡೋಸ್ 2000ದಲ್ಲಿ ಸಿಸ್ಟಮ್ ಫೈಲುಗಳಿಗೆ ರಕ್ಷಣೆ ಬಂತು, ವಿಸ್ಟಾದಲ್ಲಿ ಅದು ಇನ್ನಷ್ಟು ಬಿಗಿಯಾಯಿತು. ಇಂದಿಗೂ ಅಲ್ಲಿ ‘ಎಸ್‌ಎಫ್‌ಸಿ ಸ್ಕ್ಯಾನ್‌ನೌ’ ಕಮಾಂಡು ಬದಲಾದ ಸಿಸ್ಟಮ್ ಫೈಲುಗಳನ್ನು ಪತ್ತೆಹಚ್ಚಿ ಮೂಲಕ್ಕೆ ತರುತ್ತದೆ.

ಡೆಬಿಯನ್‌ನಲ್ಲಿ ‘ಡಿಪಿಕೆಜಿ ವೆರಿಫೈ’ ಎಂಬುದು ಹೆಚ್ಚುಕಡಿಮೆ ಆ ಪರೀಕ್ಷೆಯ ಕೆಲಸವನ್ನೇ ಮಾಡುತ್ತದೆ. ಪ್ಯಾಕೇಜಿನಿಂದ ಬಂದ ಪ್ರತಿಯೊಂದು ಫೈಲಿನ ಚೆಕ್‌ಸಮ್ಮನ್ನು, ಅಂದರೆ ಒಳಗಿನ ವಿಷಯದಿಂದ ಲೆಕ್ಕಹಾಕಿದ ಗುರುತನ್ನು, ದಾಖಲೆಯೊಂದಿಗೆ ಹೋಲಿಸಿ, ವ್ಯತ್ಯಾಸವಿದ್ದ ಸಾಲುಗಳಲ್ಲಿ 5 ಎಂಬ ಅಂಕಿಯನ್ನು ತೋರಿಸುತ್ತದೆ. ನನ್ನಲ್ಲಿ ಅದು ಏನನ್ನೂ ತೋರಿಸಲಿಲ್ಲ, ಅಂದರೆ ಡೆಬಿಯನ್ ಕೊಟ್ಟ ಲೈಬ್ರರಿ ಇದ್ದ ಹಾಗೆಯೇ ಇತ್ತು. ಹಾಗಾದರೆ ಪ್ರೋಗ್ರಾಮು ಓದುತ್ತಿರುವುದು ಯಾವ ಲೈಬ್ರರಿಯನ್ನು ಎಂಬ ಪ್ರಶ್ನೆ ಆಗ ಹುಟ್ಟಿತು. ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಯೂ ಅದೇ ಎಂದು ಈಗ ನನಗನ್ನಿಸುತ್ತದೆ. ಯಾವ ಲೈಬ್ರರಿ ಎಲ್ಲಿಂದ ಬರುತ್ತದೆಂದು ತೋರಿಸುವ ‘ಎಲ್‌ಡಿಡಿ’ ಕಮಾಂಡಿಗೆ ಪ್ರೋಗ್ರಾಮಿನ ಹೆಸರು ಕೊಟ್ಟಾಗ ಉತ್ತರ ಒಂದೇ ಸಾಲಿನಲ್ಲಿ ಸಿಕ್ಕಿತು: ಲೈಬ್ರರಿ ಬರುತ್ತಿದ್ದುದು ಸಿಸ್ಟಮ್ ಡೈರೆಕ್ಟರಿಯಿಂದಲ್ಲ, ‘ಯುಎಸ್‌ಆರ್/ಲೋಕಲ್/ಲಿಬ್’ನಿಂದ. ಡೆಬಿಯನ್‌ನ ಹುಡುಕಾಟದ ಕ್ರಮದಲ್ಲಿ ಈ ಡೈರೆಕ್ಟರಿ ಮುಂದಿರುವುದರಿಂದ, ಅಲ್ಲಿ ಅದೇ ಹೆಸರಿನ ಫೈಲೊಂದನ್ನು ಇಟ್ಟು ಲೈಬ್ರರಿಗಳ ಪಟ್ಟಿಯನ್ನು ಹೊಸದಾಗಿ ಕಟ್ಟುವ ‘ಎಲ್‌ಡಿಕಾನ್ಫಿಗ್’ ಓಡಿಸಿದರೆ ಸಾಕು, ಮೂಲ ಫೈಲನ್ನು ಮುಟ್ಟದೆಯೇ ಅದನ್ನು ಮರೆಮಾಡಿದಂತಾಗುತ್ತದೆ.

ಆ ಫೈಲಿನ ತಾರೀಖು ಮಾತ್ರ 2018 ಎಂದಿತ್ತು. ಇಷ್ಟು ಹಳೆಯದು ಇಂದಿನ ತೊಂದರೆಗೆ ಹೇಗೆ ಕಾರಣವಾದೀತು ಎಂದು ಅದನ್ನು ಬಿಟ್ಟು ಮುಂದೆ ಹೋಗುವುದರಲ್ಲಿದ್ದೆ. ಆದರೆ ಫೈಲುಗಳ ಪಟ್ಟಿ ಕೊಡುವ ‘ಎಲ್‌ಎಸ್’ ಕಮಾಂಡು ತೋರಿಸುವುದು ಫೈಲಿನ ಒಳಗಿನ ವಿಷಯ ಬದಲಾದ ಹೊತ್ತನ್ನು, ಆ ಹೊತ್ತನ್ನು ಇನ್‌ಸ್ಟಾಲರುಗಳು ಮೂಲದಲ್ಲಿದ್ದಂತೆಯೇ ಉಳಿಸಿಕೊಳ್ಳಬಲ್ಲವು. ‘ಸ್ಟ್ಯಾಟ್’ ಕಮಾಂಡು ‘ಚೇಂಜ್’ ಎಂಬ ಇನ್ನೊಂದು ಸಾಲನ್ನೂ ಕೊಡುತ್ತದೆ. ಫೈಲಿನ ಬಗೆಗಿನ ಮಾಹಿತಿ ಡಿಸ್ಕಿನಲ್ಲಿ ಕೊನೆಯ ಬಾರಿ ಬದಲಾದ ಹೊತ್ತು ಅದು, ಅದನ್ನು ಇನ್‌ಸ್ಟಾಲರು ತನಗೆ ಬೇಕಾದಂತೆ ಬರೆಯಲು ಸಾಮಾನ್ಯವಾಗಿ ಆಗುವುದಿಲ್ಲ. ಅಲ್ಲಿ ಇದ್ದುದು ಅಂದಿನ ಮಧ್ಯಾಹ್ನದ, ಸ್ಕ್ಯಾನರಿನ ಇನ್‌ಸ್ಟಾಲರನ್ನು ಓಡಿಸಿದ ನಿಮಿಷವೇ. ‘ಸ್ಟ್ರಿಂಗ್ಸ್’ ಕಮಾಂಡಿನಿಂದ ಒಳಗಿನ ಆವೃತ್ತಿಗಳನ್ನು ನೋಡಿದರೆ ಪಟ್ಟಿ 3.4.25ಕ್ಕೆ ಮುಗಿಯುತ್ತಿತ್ತು. ಅದು ಜಿಸಿಸಿ ಎಂಬ ಕಂಪೈಲರಿನ 8ನೇ ಆವೃತ್ತಿಯ ಕಾಲದ್ದು, ಈ ಲೈಬ್ರರಿ ಬರುವುದು ಅದರ ಜೊತೆಗೇ. ನನ್ನ ಪ್ರೋಗ್ರಾಮು ಕೇಳುತ್ತಿದ್ದ 3.4.29 ಬಂದದ್ದು ಜಿಸಿಸಿ 11ರಲ್ಲಿ.

ಫೈಲನ್ನು ಅಳಿಸದೆ ಬೇರೊಂದು ಫೋಲ್ಡರಿಗೆ ಸರಿಸಿ, ‘ಎಲ್‌ಡಿಕಾನ್ಫಿಗ್’ ಮತ್ತೊಮ್ಮೆ ಓಡಿಸಿದೆ. ಚಿತ್ರ ತಿದ್ದುವ ಪ್ರೋಗ್ರಾಮು ತೆರೆದುಕೊಂಡಿತು. ಸ್ಕ್ಯಾನರ್ ಕೂಡ ಮೊದಲಿನಂತೆಯೇ ಕೆಲಸ ಮಾಡಿತು, ಏಕೆಂದರೆ ಈ ಲೈಬ್ರರಿಯ ಹೊಸ ಆವೃತ್ತಿಗಳು ಹಳೆಯವನ್ನೂ ಒಳಗೊಂಡಿರುತ್ತವೆ. ಹಳೆಯ ಪ್ರತಿಯನ್ನು ಹೊತ್ತು ತರುವ ಅಗತ್ಯವೇ ಇರಲಿಲ್ಲ. ನಿಜವಾಗಿ ಅಗತ್ಯವಿದ್ದರೂ ಸ್ಕ್ಯಾನರಿನ ತಂತ್ರಾಂಶ ಅದನ್ನು ತನ್ನದೇ ಫೋಲ್ಡರಿನಲ್ಲಿ ಇಟ್ಟುಕೊಂಡು, ಲೈಬ್ರರಿ ಹುಡುಕುವ ಜಾಗವನ್ನು ಹೇಳುವ ‘ಎಲ್‌ಡಿ ಲೈಬ್ರರಿ ಪಾತ್’ ಅನ್ನು ತನಗೆ ಮಾತ್ರ ಹೊಂದಿಸಿಕೊಳ್ಳಬಹುದಿತ್ತು. ಎಲ್ಲರೂ ಬಳಸುವ ಜಾಗಕ್ಕೆ ಕೇಳದೆ ಕೈಹಾಕುವುದನ್ನು ನಾನು ಒಪ್ಪಲಾರೆ, ಅದರಲ್ಲೂ ಎಲ್ಲವನ್ನೂ ಬದಲಿಸಬಲ್ಲ ರೂಟ್ ಅನುಮತಿಯನ್ನು ನಂಬಿ ಕೊಟ್ಟಿರುವಾಗ.

ಈಗ ‘.ರನ್’ ಇನ್‌ಸ್ಟಾಲರುಗಳು ಮೇಕ್‌ಸೆಲ್ಫ್ ಎಂಬ, ತಾವೇ ಬಿಚ್ಚಿಕೊಳ್ಳುವ ಕಟ್ಟಿನ ಬಗೆಯವಾಗಿದ್ದರೆ, ‘ನೋಎಕ್ಸೆಕ್’ ಮತ್ತು ‘ಟಾರ್ಗೆಟ್’ ಆಯ್ಕೆಗಳಿಂದ ಮೊದಲು ಖಾಲಿ ಫೋಲ್ಡರಿನಲ್ಲಿ ಬಿಚ್ಚಿ, ಒಳಗಿನ ಸ್ಕ್ರಿಪ್ಟು ಯಾವ ಫೈಲನ್ನು ಎಲ್ಲಿಗೆ ನಕಲು ಮಾಡುತ್ತದೆಂದು ಓದಿದ ಮೇಲೆಯೇ ಓಡಿಸುತ್ತೇನೆ. ಸ್ಕ್ಯಾನರ್ ತಯಾರಕರಿಗೆ ‘ಎಲ್‌ಡಿಡಿ’ಯ ಸಾಲನ್ನೂ ‘ಸ್ಟ್ಯಾಟ್’ನ ಎರಡೂ ಹೊತ್ತುಗಳನ್ನೂ ಸೇರಿಸಿ ಪತ್ರ ಬರೆದಿದ್ದೇನೆ.